ದನಿ ತುಂಬಿದ ಪಾತ್ರೆಗಳು

ಕೊರಳಿನಿಂದ ಹೊರಟ ದನಿ ಗಾಳಿಯಲ್ಲಿ ಕರಗಿಹೋಗುವುದು ಸೃಷ್ಟಿಯ ನಿಯಮ. 1877ರಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫನ್ನು ರೂಪಿಸಿದಂದಿನಿಂದ ಮನುಷ್ಯ ಈ ನಿಯಮದೊಡನೆ ಸೆಣಸುತ್ತ ಬಂದಿದ್ದಾನೆ. ಅರಗಿನ ತಟ್ಟೆ, ಪ್ಲಾಸ್ಟಿಕ್ ತಟ್ಟೆ, ಟೇಪಿನ ಸುರುಳಿ, ಬೆಳಕಿನಿಂದ ಓದುವ ಸಿ.ಡಿ., ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡ್, ಕಣ್ಣಿಗೆ ಕಾಣದ ಕಡತ - ಹೀಗೆ ಒಂದರ ಹಿಂದೆ ಒಂದು ಪಾತ್ರೆಯನ್ನು ಮಾಡಿ ದನಿಯನ್ನು ತುಂಬಿಡಲು ಯತ್ನಿಸಿದ್ದಾನೆ. ಪ್ರತಿಯೊಂದು ಹೊಸ ಪಾತ್ರೆ ಬಂದಾಗಲೂ ನಾವು ಕೇಳುವುದು ಎರಡೇ ಪ್ರಶ್ನೆ: ದನಿ ಎಷ್ಟು ಶುದ್ಧವಾಗಿದೆ? ಬೆಲೆ ಎಷ್ಟು? ಈ ಪಾತ್ರೆಯೊಳಗೆ ಯಾವ ಹಾಡು ಹಿಡಿಸುತ್ತದೆ, ಯಾವುದು ಹೊರಗೆ ಉಳಿಯುತ್ತದೆ, ತುಂಬುವ ಅಧಿಕಾರ ಯಾರ ಕೈಯಲ್ಲಿದೆ, ತುಂಬಿದ್ದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ.

ಸಾಹಿತ್ಯವಿಮರ್ಶೆಯಲ್ಲಿ ಛಂದಸ್ಸಿನ ಚರ್ಚೆ ನಡೆಯುತ್ತದೆ. ಷಟ್ಪದಿಯಲ್ಲಿ ಹೇಳಿದ ಕಥೆಗೂ ರಗಳೆಯಲ್ಲಿ ಹೇಳಿದ ಕಥೆಗೂ ನಡಿಗೆಯೇ ಬೇರೆ ಎಂಬುದನ್ನು ನಾವೆಲ್ಲ ಒಪ್ಪುತ್ತೇವೆ. ಧ್ವನಿಮುದ್ರಣದ ಮಾಧ್ಯಮಗಳೂ ಒಂದು ಬಗೆಯ ಛಂದಸ್ಸೇ. ಅವುಗಳನ್ನು ಕೇವಲ ಯಂತ್ರಗಳೆಂದು ಬಗೆಯದೆ, ಹಾಡಿಗೆ ಹಾಕಿದ ಕಟ್ಟುಗಳೆಂದು ಬಗೆದು ವಿಮರ್ಶಿಸುವುದು ಈ ಬರಹದ ಉದ್ದೇಶ. ಚರ್ಚೆ ಆಕಾಶದಲ್ಲಿ ತೇಲದಿರಲೆಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆಲವನ್ನು ಆಧಾರವಾಗಿ ಇಟ್ಟುಕೊಳ್ಳೋಣ.

ಐದು ತಾಲ್ಲೂಕುಗಳ ದನಿ

ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಹಾಡಿಗೆ ಬರವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗಕ್ಕೆ ನಡೆದುಬರುವ ಜೋಗತಿಯರ ಚೌಡಿಕೆ ಪದಗಳು, ಊರೂರಿನ ಭಜನಾ ಮಂಡಳಿಗಳ ತತ್ತ್ವಪದಗಳು, ಸುಗ್ಗಿ ಮುಗಿದ ಮೇಲೆ ಬೆಳಗಿನವರೆಗೆ ನಡೆಯುವ ಬಯಲಾಟ, ಅಲೆಮಾರಿ ಕಲಾವಿದರ ಬುರ್ರಕಥೆ - ಇವೆಲ್ಲ ಬರಹದ ಆಸರೆ ಬೇಡದೆ ಬೆಳೆದವು. ಪಕ್ಕದ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ; ಆದರೂ ಹನ್ನೆರಡು ಕಥನಕಾವ್ಯಗಳನ್ನು ನೆನಪಿನಿಂದಲೇ ಹಾಡಬಲ್ಲವರೆಂದು ನಾಡಿಗೆಲ್ಲ ಪರಿಚಿತರಾಗಿದ್ದರು. ರಾಜ್ಯೋತ್ಸವ ಪ್ರಶಸ್ತಿ ಪಡೆದ ಆ ತಾಯಿ 2014ರ ಆಗಸ್ಟಿನಲ್ಲಿ ಕಣ್ಮುಚ್ಚಿದರು. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಸಂದಾಗ ಚೌಡಿಕೆಯ ಹೆಸರು ಮೊದಲ ಬಾರಿಗೆ ಎಷ್ಟೋ ಪಟ್ಟಣಗಳ ಕಿವಿಗೆ ಬಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಹರಪನಹಳ್ಳಿ ಭೀಮವ್ವ ದಾಸಸಾಹಿತ್ಯದಲ್ಲಿ ದೊಡ್ಡ ಹೆಸರು. ಆಕೆಯ ಕೀರ್ತನೆಗಳೂ ಉದ್ದನೆಯ ಕಥನಗೀತೆಗಳೂ ನೂರಾರು ಮನೆಗಳ ಹೆಂಗಸರ ಬಾಯಲ್ಲಿ, ಕೈಬರಹದ ಹಾಡಿನ ಪುಸ್ತಕಗಳಲ್ಲಿ ಉಳಿದು ಬಂದವು. ಭೀಮವ್ವನ ಪದಗಳು ನಮಗೆ ದೊರೆತಿವೆ, ದನಿ ದೊರೆತಿಲ್ಲ. ಯಾವ ಧಾಟಿಯಲ್ಲಿ ಆಕೆ ಹಾಡುತ್ತಿದ್ದಳು, ಎಲ್ಲಿ ನಿಲ್ಲುತ್ತಿದ್ದಳು, ಯಾವ ಮಾತಿಗೆ ಒತ್ತು ಕೊಡುತ್ತಿದ್ದಳು ಎಂಬುದನ್ನು ಇನ್ನು ಯಾರೂ ಹೇಳಲಾರರು. ದನಿ ಹಿಡಿಯುವ ಯಂತ್ರ ನಮ್ಮ ದೇಶಕ್ಕೆ ಬಂದು ನೆಲೆಯೂರುವ ಹೊತ್ತಿಗೆ ಆಕೆಯ ಕಾಲ ಮುಗಿದಿತ್ತು. ಆದುದರಿಂದ ಈ ನಷ್ಟಕ್ಕೆ ಯಾರನ್ನೂ ದೂರುವಂತಿಲ್ಲ. ಅನಂತರದ ನಷ್ಟಗಳ ಮಾತು ಬೇರೆ. ಅವು ಯಂತ್ರವಿದ್ದೂ ಆದ ನಷ್ಟಗಳು.

ಇನ್ನು ಮುಂದೆ ಪ್ರತಿಯೊಂದು ಪಾತ್ರೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯೋಣ: ರಾತ್ರಿ ಒಂಬತ್ತಕ್ಕೆ ಆರಂಭವಾಗಿ ಬೆಳಿಗ್ಗೆ ಆರಕ್ಕೆ ಮುಗಿಯುವ ಒಂದು ಬಯಲಾಟ. ಒಂಬತ್ತು ತಾಸು, ಎಂದರೆ 540 ನಿಮಿಷ. ಇದು ಯಾವ ಪಾತ್ರೆಯಲ್ಲಿ ಹಿಡಿಸೀತು?

ಮೂರು ನಿಮಿಷದ ತಟ್ಟೆ

1902ರ ನವೆಂಬರಿನಲ್ಲಿ ಗ್ರಾಮೊಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಗುರುತು ಸಿಗಲೆಂದು ಹಾಡಿನ ಕೊನೆಯಲ್ಲಿ ಗಾಯಕಿಯರು ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೇಳುವವರಿಗೆ ಇಂದು ಅದು ತಮಾಷೆಯಾಗಿ ತೋರಬಹುದು. ಆದರೆ ನೂರಿಪ್ಪತ್ತು ವರ್ಷಗಳ ಬಳಿಕವೂ ಹಾಡಿದವರಾರು ಎಂಬುದಕ್ಕೆ ಸಂಶಯವಿಲ್ಲದಂತೆ ಉಳಿದಿರುವುದು ಆ ಕೂಗಿನ ಪುಣ್ಯದಿಂದ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಿಂಚಿನ ಆ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 1930ರ ದಶಕದ ಆರಂಭದಲ್ಲಿ ಗಾಂಧಾರಿ ಎಂಬ ಹೆಸರಿನಿಂದ ತಟ್ಟೆಗಳಿಗೆ ಹಾಡಿದಾಗ, ತಾಸುಗಟ್ಟಲೆ ಅರಳಬೇಕಾದ ರಾಗವನ್ನು ಆ ಮೂರು ನಿಮಿಷಕ್ಕೆ ಇಳಿಸಬೇಕಾಗಿತ್ತು. ಮಹಾನ್ ಕಲಾವಿದರು ಆ ಇಕ್ಕಟ್ಟಿನಲ್ಲೂ ಸೊಗಸನ್ನು ಸಾಧಿಸಿದರು ಎಂಬುದು ನಿಜ. ಚುಟುಕಾಗಿ, ಬಿಗಿಯಾಗಿ ಹೇಳುವ ಒಂದು ಹೊಸ ಕಲೆಯೇ ಅದರಿಂದ ಹುಟ್ಟಿತು. ಆದರೆ ಚುಟುಕಾಗಿಸಲು ಬಾರದ ಕಲೆಗಳ ಪಾಡೇನು? ನಮ್ಮ ಬಯಲಾಟವನ್ನು ಅಂಥ ತಟ್ಟೆಗಳಲ್ಲಿ ತುಂಬಲು 180 ಬದಿಗಳು, ಎಂದರೆ 90 ತಟ್ಟೆಗಳು ಬೇಕಾಗುತ್ತಿದ್ದವು. ಯಾವ ಕಂಪನಿಯೂ ಅದನ್ನು ಯೋಚಿಸುವಂತಿರಲಿಲ್ಲ. ರಂಗಗೀತೆ ತಟ್ಟೆಗೆ ಏರಿತು, ಆಟ ಏರಲಿಲ್ಲ. ಕಥೆಯನ್ನು ಹೊತ್ತ ಹಾಡುಗಳೆಲ್ಲ ಹೊರಗೆ ಉಳಿದು, ಕಥೆಯಿಂದ ಕಳಚಿ ತೆಗೆಯಬಹುದಾದ ಹಾಡುಗಳಷ್ಟೇ 'ಸಂಗೀತ'ವೆಂಬ ಹೆಸರು ಪಡೆದವು. 1948ರಲ್ಲಿ ಬಂದ ಎಲ್.ಪಿ. ತಟ್ಟೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಗಿಲಾದ ಅವಕಾಶ ಕೊಟ್ಟಿತಾದರೂ, ಏನನ್ನು ಮುದ್ರಿಸಬೇಕು ಎಂಬ ತೀರ್ಮಾನ ದೂರದ ಡಂಡಂ ಕಾರ್ಖಾನೆಯ ಒಡೆಯರ ಕೈಯಲ್ಲೇ ಇತ್ತು.

1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಈ ಕಟ್ಟನ್ನು ಒಂದಿಷ್ಟು ಸಡಿಲಿಸಿತು. ಹಳ್ಳಿಯ ಹಾಡುಗಾರರು ಸ್ಟುಡಿಯೋ ಮೆಟ್ಟಿಲೇರಿದರು. ಆದರೆ ಅಲ್ಲಿಯೂ ಗಡಿಯಾರ ಗೋಡೆಯ ಮೇಲಿತ್ತು.

ಕ್ಯಾಸೆಟ್ಟಿನ ಕಾಲ

ಹಾಲೆಂಡಿನ ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮುಂದಿಟ್ಟ ಪುಟ್ಟ ಕ್ಯಾಸೆಟ್ಟು ಸಂಗೀತಕ್ಕೆಂದು ಹುಟ್ಟಿದ್ದಲ್ಲ. ಮಾತನ್ನು ಬರೆದುಕೊಳ್ಳುವ ಸಾಧನವಾಗಿ ಅದನ್ನು ಕಲ್ಪಿಸಿದ್ದರು. ನಾಲ್ಕು ಮಿಲಿಮೀಟರಿಗಿಂತ ಕಿರಿದಾದ ಟೇಪು, ಸೆಕೆಂಡಿಗೆ ಐದು ಸೆಂಟಿಮೀಟರು ಕೂಡ ಓಡದ ವೇಗ, ಹಿನ್ನೆಲೆಯಲ್ಲಿ ಎಡೆಬಿಡದ 'ಸ್ಸ್' ಎಂಬ ಸದ್ದು. ಶುದ್ಧತೆಯ ಲೆಕ್ಕದಲ್ಲಿ ಒಳ್ಳೆಯ ಎಲ್.ಪಿ. ತಟ್ಟೆಗಿಂತ ಅದು ಕೀಳು. ಆದರೂ ನಮ್ಮ ನಾಡಿನ ದನಿಗೆ ಅದು ಮಾಡಿದ ಉಪಕಾರವನ್ನು ಹಿಂದಿನ ಯಾವ ಪಾತ್ರೆಯೂ ಮಾಡಿರಲಿಲ್ಲ.

ಕಾರಣ ಸರಳ: ಆಡಿಸುವ ಯಂತ್ರವೇ ತುಂಬುವ ಯಂತ್ರವೂ ಆಗಿತ್ತು. ತಟ್ಟೆಯನ್ನು ಕೊಳ್ಳಬಹುದಿತ್ತು, ಮಾಡುವಂತಿರಲಿಲ್ಲ. ಕ್ಯಾಸೆಟ್ಟಿನಲ್ಲಿ ಕೆಂಪು ಗುಂಡಿ ಒತ್ತಿದವನೇ ಪ್ರಕಾಶಕ. ಪೀಟರ್ ಮ್ಯಾನ್ಯುಯೆಲ್ ಎಂಬ ವಿದ್ವಾಂಸರು ಉತ್ತರ ಭಾರತದ ಕ್ಯಾಸೆಟ್ ಸಂಸ್ಕೃತಿಯ ಬಗ್ಗೆ 1993ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಒಂದೇ ಕಂಪನಿಯ ಹಿಡಿತ ಮುರಿದು ಪ್ರಾದೇಶಿಕ ಸಂಗೀತಗಳು ತಲೆಯೆತ್ತಿದ ಬಗೆಯನ್ನು ವಿವರಿಸಿದ್ದಾರೆ. ಕನ್ನಡದ ಅನುಭವವೂ ಅದಕ್ಕೆ ಸಾಕ್ಷಿ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ಟಾಗಿ ಬಂದ ಮೇಲೆ ಕವಿತೆ ಮನೆಯ ಪಡಸಾಲೆಯಲ್ಲಿ ಹಾಡತೊಡಗಿತು. ಸಿ. ಅಶ್ವತ್ಥ್ ಅವರ ಶರೀಫರ ಪದಗಳು, ಗುರುರಾಜುಲು ನಾಯ್ಡು ಅವರ ಹರಿಕಥೆಗಳು ಕ್ಯಾಸೆಟ್ಟಿನ ಬೆನ್ನೇರಿ ಹಳ್ಳಿ ಹಳ್ಳಿಯ ಮೈಕ್ ಸೆಟ್ಟಿನವರೆಗೆ ತಲುಪಿದವು. ದೇವಾಲಯಗಳ ಗಾಯನವೃಂದಗಳೂ ಭಜನಾ ಮಂಡಳಿಗಳೂ ತಮ್ಮ ತಮ್ಮ ಭಕ್ತಿಗೀತೆಗಳ ಕ್ಯಾಸೆಟ್ಟುಗಳನ್ನು ಹೊರತಂದವು.

ಅಂಗಡಿಯಲ್ಲಿ ಮಾರಾಟವಾದ ಈ ಕ್ಯಾಸೆಟ್ಟುಗಳಿಗಿಂತ ದೊಡ್ಡ ಸಂಪತ್ತು ಅಂಗಡಿಗೆ ಬಾರದವುಗಳಲ್ಲಿದೆ. ಟೂ-ಇನ್-ಒನ್ ಇಟ್ಟುಕೊಂಡಿದ್ದ ಮೇಷ್ಟರು, ಗಲ್ಫಿನಿಂದ ಟೇಪ್‌ರೆಕಾರ್ಡರ್ ತಂದ ಮನೆಯವರು, ಸಂಶೋಧನೆಗೆಂದು ಊರಿಗೆ ಬಂದ ವಿದ್ಯಾರ್ಥಿಗಳು ಅಜ್ಜಿಯರ ಹಾಡು, ಆಟದ ರಾತ್ರಿ, ಭಜನೆಯ ಶನಿವಾರಗಳನ್ನು ತುಂಬಿಕೊಂಡರು. ನಮ್ಮ ಅಳತೆಗೋಲನ್ನು ಇಲ್ಲಿ ಹಿಡಿದರೆ, ತೊಂಬತ್ತು ನಿಮಿಷದ ಆರು ಕ್ಯಾಸೆಟ್ಟುಗಳಲ್ಲಿ ಇಡೀ ಬಯಲಾಟ ಹಿಡಿಸುತ್ತದೆ. ಮೊದಲ ಬಾರಿಗೆ ಒಂದು ರಾತ್ರಿ ಪೂರ್ತಿಯಾಗಿ, ಬಡವನ ಜೇಬಿಗೆ ಎಟಕುವ ಬೆಲೆಯಲ್ಲಿ ಉಳಿಯುವಂತಾಯಿತು.

ಹಾಗೆಂದು ಕ್ಯಾಸೆಟ್ಟನ್ನು ದೋಷರಹಿತವೆಂದು ಕೊಂಡಾಡುವುದು ಸಲ್ಲದು. ನಲವತ್ತೈದು ನಿಮಿಷಕ್ಕೊಮ್ಮೆ ಬದಿ ತಿರುಗಿಸಲೇಬೇಕು. ಆರು ಕ್ಯಾಸೆಟ್ಟಿನ ರಾತ್ರಿಯಲ್ಲಿ ಹನ್ನೊಂದು ಸಲ ಆಟದ ಒಂದೊಂದು ತುಣುಕು ಕಳೆದುಹೋಗುತ್ತದೆ. ಅದು ಭಾಗವತರ ಪದದ ನಡುವೆ ಆಗಬಹುದು, ರಾಕ್ಷಸನ ಪ್ರವೇಶದಲ್ಲಿಯೇ ಆಗಬಹುದು. ಮತ್ತೆ ಮತ್ತೆ ಅದೇ ಕ್ಯಾಸೆಟ್ಟಿನ ಮೇಲೆ ಹೊಸ ಸಿನಿಮಾ ಹಾಡನ್ನು ತುಂಬಿಸಿ ಹಳೆಯ ದನಿಯನ್ನು ಅಳಿಸಿದ ಮನೆಗಳಿಗೆ ಲೆಕ್ಕವಿಲ್ಲ. ಅಳಿಸದಂತೆ ಕಾಯಲು ಹಿಂಬದಿಯ ಎರಡು ಚಿಕ್ಕ ಹಲ್ಲುಗಳನ್ನು ಮುರಿದರೆ ಸಾಕಿತ್ತು, ಮುರಿದವರು ಕಡಿಮೆ. ತುಂಬುವ ಸುಲಭವೇ ಅಳಿಸುವ ಸುಲಭವೂ ಆಯಿತು. ಇದು ಆ ಪಾತ್ರೆಯ ಗುಣ ಮತ್ತು ದೋಷ ಎರಡೂ ಹೌದು.

ಕಣ್ಣಿಗೆ ಕಂಡದ್ದು

ವಿ.ಎಚ್.ಎಸ್. ವಿಡಿಯೋ ಕ್ಯಾಸೆಟ್ಟು ಜಪಾನಿನಲ್ಲಿ 1976ರಲ್ಲಿ ಬಂತು. 1982ರ ಏಷ್ಯನ್ ಕ್ರೀಡಾಕೂಟದ ಬಳಿಕ ಬಣ್ಣದ ಟಿ.ವಿ. ಹರಡಿದಂತೆ ನಮ್ಮ ಪೇಟೆಗಳಲ್ಲಿ ವಿ.ಸಿ.ಪಿ.ಯನ್ನು ಬಾಡಿಗೆಗೆ ತರುವ ರೂಢಿ ಬೆಳೆಯಿತು. ಅದರ ಹಿಂದೆಯೇ ಬಂದದ್ದು ಮದುವೆಯ ವಿಡಿಯೋ. ಮೂರು ತಾಸಿನ ಒಂದು ಟೇಪಿನ ಲೆಕ್ಕದಲ್ಲಿ ನಮ್ಮ ಬಯಲಾಟಕ್ಕೆ ಮೂರೇ ಟೇಪು ಸಾಕಿತ್ತು. ಆದರೆ ಕ್ಯಾಮೆರಾ ದುಬಾರಿ, ಅದನ್ನು ಹಿಡಿಯುವವನು ಕೂಲಿಗೆ ಬರುವ ಫೋಟೋಗ್ರಾಫರು. ಅವನ ದೀಪ ಬಿದ್ದಲ್ಲೆಲ್ಲ ಜನ ಆಟವನ್ನು ಬಿಟ್ಟು ಕ್ಯಾಮೆರಾದತ್ತ ತಿರುಗಿದರು. ಹೀಗಾಗಿ ಆ ಕಾಲದ ವಿಡಿಯೋಗಳಲ್ಲಿ ಹೆಚ್ಚಾಗಿ ಉಳಿದಿರುವುದು ಶುಭಕಾರ್ಯಗಳು, ಉಳ್ಳವರ ಮನೆಗಳು, ಸಾಲಾಗಿ ಕುಳಿತ ಗಣ್ಯರು. ಮೇಲೆ ಹೇಳಿದ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಉತ್ತರ ಸ್ಪಷ್ಟ: ತುಂಬುವ ಅಧಿಕಾರ ಹಣವಿದ್ದವರ ಕೈಯಲ್ಲಿತ್ತು.

1993ರಲ್ಲಿ ರೂಪುಗೊಂಡ ವಿ.ಸಿ.ಡಿ. ಬಡವರ ಸಿನಿಮಾವಾಗಿ ಭಾರತದಲ್ಲಿ ಬೇರೂರಿತು. 352 ಬಿಂದು ಅಗಲ, 288 ಬಿಂದು ಎತ್ತರದ ಮಂಕು ಚಿತ್ರ. ಒಂದು ತಟ್ಟೆಯಲ್ಲಿ ಸುಮಾರು 74 ನಿಮಿಷ. ಒಂದು ಚಲನಚಿತ್ರಕ್ಕೆ ಎರಡು ಮೂರು ತಟ್ಟೆಗಳು. ಚಿತ್ರ ಮಂಕಾದರೇನು, ಕಂಪ್ಯೂಟರ್ ಉಳ್ಳ ಯಾವ ಸ್ಟುಡಿಯೋದವನೂ ಅದನ್ನು ತಯಾರಿಸಬಲ್ಲವನಾದ. ಜಾತ್ರೆಯ ಅಂಗಡಿಗಳಲ್ಲಿ ಬಳೆ ಬತ್ತಾಸುಗಳ ಪಕ್ಕದಲ್ಲಿ ಕ್ಷೇತ್ರಮಹಿಮೆಯ, ನಾಟಕದ, ಜಾನಪದ ಗೀತೆಗಳ ವಿ.ಸಿ.ಡಿ.ಗಳು ಬಂದವು. ದುಃಖದ ಸಂಗತಿ ಎಂದರೆ ಇಂಥ ತಟ್ಟೆಗಳಲ್ಲಿ ಬಹುಪಾಲು ಮನೆಯಲ್ಲಿಯೇ ಬರೆದ ಸಿ.ಡಿ.ಗಳು. ಅವುಗಳಲ್ಲಿ ಮಾಹಿತಿಯನ್ನು ಹೊತ್ತಿರುವುದು ಒಂದು ತೆಳುವಾದ ಬಣ್ಣದ ಲೇಪ. ಬಿಸಿಲಿಗೆ, ಸೆಕೆಗೆ ಅದು ಮಾಸುತ್ತದೆ. ಹಾಳಾದ ಟೇಪು ಕೊನೆಯವರೆಗೂ ಅರೆಬರೆಯಾಗಿ ಮಾತಾಡುತ್ತದೆ. ಹಾಳಾದ ತಟ್ಟೆ ಒಮ್ಮೆಲೇ ಮೂಕವಾಗುತ್ತದೆ. ಹೊಸದು ಹಳತಿಗಿಂತ ಗಟ್ಟಿ ಎಂಬ ನಮ್ಮ ನಂಬಿಕೆಗೆ ಇದು ಮೊದಲ ಪೆಟ್ಟು.

ಕಿವಿಯನ್ನು ಲೆಕ್ಕ ಹಾಕಿದ ಗಣಿತ

1982ರ ಸಿ.ಡಿ. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಟ್ಟಿತು. ಆ ಅಂಕಿಗಳ ರಾಶಿ ದೊಡ್ಡದು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳೂ ಇತರರೂ ಸೇರಿ 1990ರ ದಶಕದ ಆರಂಭದಲ್ಲಿ ರೂಪಿಸಿದ ಎಂಪಿ3 ಆ ರಾಶಿಯನ್ನು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಸಿತು. ಅದರ ಹಿಂದಿನ ತತ್ತ್ವ ಚಮತ್ಕಾರದ್ದು. ದೊಡ್ಡ ಸದ್ದಿನ ಜೊತೆಯಲ್ಲಿ ಬರುವ ಚಿಕ್ಕ ಸದ್ದನ್ನು ನಮ್ಮ ಕಿವಿ ಗಮನಿಸುವುದಿಲ್ಲ. ಗಮನಿಸದ್ದನ್ನು ಬರೆಯುವುದೇಕೆ, ಬಿಸಾಡಿದರಾಯಿತು. ಹೀಗೆ ಯಾವುದನ್ನು ಬಿಸಾಡಬಹುದು ಎಂದು ತೀರ್ಮಾನಿಸಲು ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಎಂಬ ವಿಜ್ಞಾನಿ ಮತ್ತೆ ಮತ್ತೆ ಕೇಳಿ ಪರೀಕ್ಷಿಸಿದ ಹಾಡುಗಳಲ್ಲಿ ಅಮೆರಿಕದ ಸುಝಾನ್ ವೇಗಾ ವಾದ್ಯವಿಲ್ಲದೆ ಹಾಡಿದ ಒಂದು ಗೀತೆ ಹೆಸರಾಗಿದೆ.

ಇದರಲ್ಲಿ ಕುಟಿಲವೇನಿಲ್ಲ. ಆದರೆ ವಿಮರ್ಶಕ ಕೇಳಬೇಕಾದ ಪ್ರಶ್ನೆ ಇದೆ. ಯಾರ ಕಿವಿ, ಯಾವ ಸಂಗೀತಕ್ಕೆ ಒಗ್ಗಿದ ಕಿವಿ ಇಲ್ಲಿ ಪ್ರಮಾಣವಾಯಿತು? ಎಂಪಿ3ಯ ಒಂದು ದೌರ್ಬಲ್ಯ ಎಲ್ಲರಿಗೂ ಗೊತ್ತಿರುವಂಥದು. ಥಟ್ಟನೆ ಏಳುವ ಚೂಪಾದ ಸದ್ದುಗಳು - ಚಿಟಿಕೆ, ತಾಳ, ಗೆಜ್ಜೆಗಳಂಥವು - ಕಡತವನ್ನು ತೀರಾ ಕುಗ್ಗಿಸಿದಾಗ ತಮ್ಮ ಮೊನೆ ಕಳೆದುಕೊಂಡು, ಬರುವ ಮೊದಲೇ ಒಂದು ಮಸುಕನ್ನು ಚೆಲ್ಲುತ್ತವೆ. ಪಿಯಾನೊ, ಪಿಟೀಲುಗಳ ಮೆಲುದನಿಗೆ ಆಗುವ ಹಾನಿ ಇದರಷ್ಟು ಎದ್ದು ಕಾಣದು. ಚೌಡಿಕೆಯ ತಂತಿಯ ಮಿಡಿತ, ಭಜನೆಯ ತಾಳ, ಬಯಲಾಟದ ವೇಷಧಾರಿಯ ಗೆಜ್ಜೆ ಇವೆಲ್ಲ ಮೊನೆಯಿಂದಲೇ ಬದುಕುವ ಸದ್ದುಗಳು. ಒಂದು ತಟ್ಟೆಗೆ ನೂರೈವತ್ತು ಹಾಡು, ಒಂದು ಕಾರ್ಡಿಗೆ ಸಾವಿರ ಹಾಡು ತುರುಕಿ ಮಾರಿದ ಕಾಲದಲ್ಲಿ ಮೊದಲು ಸವೆದದ್ದು ಅವೇ. 2000ದ ದಶಕದ ಅಗ್ಗದ ಮೊಬೈಲುಗಳಲ್ಲಿ ಧ್ವನಿಮುದ್ರಿಸಿದವರ ಪಾಡು ಇನ್ನೂ ಕಷ್ಟ. ದೂರವಾಣಿಯ ಮಾತಿಗೆಂದು ಮಾಡಿದ ಆ ಮುದ್ರಣಕ್ರಮ ಮೇಲಿನ ಸ್ವರಾಂಶಗಳನ್ನೆಲ್ಲ ಕತ್ತರಿಸಿ, ಹಾಡುಗಾರ್ತಿಯನ್ನು ಬಾವಿಯೊಳಗಿಂದ ಕೂಗುವವಳಂತೆ ಮಾಡಿಬಿಡುತ್ತದೆ.

ನ್ಯಾಯವಾಗಿ ಮತ್ತೊಂದು ಮುಖವನ್ನೂ ಹೇಳಬೇಕು. ಸಾಧಾರಣ ಗುಣಮಟ್ಟದ ಎಂಪಿ3ಯಲ್ಲಿ ನಮ್ಮ ಒಂಬತ್ತು ತಾಸಿನ ಬಯಲಾಟ ಸುಮಾರು 520 ಎಂಬಿ ಆಗುತ್ತದೆ. ತೊಂಬತ್ತು ತಟ್ಟೆಯ ರಾತ್ರಿ ಒಂದೇ ಸಿ.ಡಿ.ಯಲ್ಲಿ, ಬದಿ ತಿರುಗಿಸುವ ಕಾಟವಿಲ್ಲದೆ ಹಿಡಿಸಿತು. ಕಾಲದ ಇಕ್ಕಟ್ಟು ಮುಗಿಯಿತು. ಹಾಗಿದ್ದರೆ ಇನ್ನು ಇಡೀ ರಾತ್ರಿಗಳು ಉಳಿಯಬೇಕಿತ್ತಲ್ಲವೇ? ಉಳಿದವೇ?

ಉತ್ತರಕ್ಕಾಗಿ ಎರಡು ನಿದರ್ಶನಗಳನ್ನು ನೋಡೋಣ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಕಾರಣಿಕ ನುಡಿಯುವುದು ಪರಂಪರೆ. ಗೊರವಯ್ಯ ಬಿಲ್ಲನ್ನೇರಿ, ಸದ್ದಡಗಿಸಿ, ನಾಲ್ಕಾರು ಪದಗಳ ಒಂದು ಮಾತನ್ನು ಹೇಳಿ ಕೆಳಕ್ಕೆ ಬೀಳುತ್ತಾನೆ. ಲಕ್ಷಾಂತರ ಜನರ ಆ ನಿಶ್ಶಬ್ದವೇ ಅಲ್ಲಿನ ಮಹಿಮೆ. ಹಿಂದೆ ಆ ಮಾತು ಜನರ ಬಾಯಿಂದ ಬಾಯಿಗೆ, ಎತ್ತಿನ ಗಾಡಿಯಲ್ಲಿ, ಬಸ್ಸಿನಲ್ಲಿ ಊರುಗಳನ್ನು ತಲುಪುತ್ತಿತ್ತು. ದಾರಿಯುದ್ದಕ್ಕೂ ಅರ್ಥದ ಚರ್ಚೆ ನಡೆಯುತ್ತಿತ್ತು. ಇಂದು ಗೊರವಯ್ಯ ನೆಲ ಮುಟ್ಟಿದ ಕೆಲವೇ ನಿಮಿಷಗಳಲ್ಲಿ ಅದು ವಾಟ್ಸ್‌ಆ್ಯಪಿನಲ್ಲಿ, ಟಿ.ವಿ.ಯಲ್ಲಿ ನಾಡೆಲ್ಲ ಹರಡುತ್ತದೆ. ಮಾತು ತಪ್ಪಿಲ್ಲದೆ ಉಳಿಯಿತು, ಅದು ಲಾಭ. ಆದರೆ ತುಣುಕು ಆರಂಭವಾಗುವುದೇ ಮಾತಿನಿಂದ. ಅದರ ಹಿಂದಿನ ಕಾಯುವಿಕೆ, ಆ ದೀರ್ಘ ಮೌನ ಕತ್ತರಿಗೆ ಬೀಳುತ್ತವೆ. ಮೌನವನ್ನು ತೆಗೆದ ಕಾರಣಿಕ ಒಂದು ಸುದ್ದಿ ಮಾತ್ರ.

ಎರಡನೆಯದು ಕೊಟ್ಟೂರಿನದು. 2017ರ ಫೆಬ್ರವರಿಯಲ್ಲಿ ಕೊಟ್ಟೂರೇಶ್ವರ ರಥೋತ್ಸವದ ನಡುವೆ ತೇರು ಉರುಳಿಬಿತ್ತು. ನೂರಾರು ಮೊಬೈಲುಗಳು ಎತ್ತಿದ ಕೈಗಳಲ್ಲಿದ್ದುದರಿಂದ ಆ ಗಳಿಗೆ ಹಲವು ಕೋನಗಳಿಂದ ಉಳಿದಿದೆ. ಅಂದೇ ರಾತ್ರಿ ದೇಶವೆಲ್ಲ ಅದನ್ನು ನೋಡಿತು. ಅದೇ ಜಾತ್ರೆಗೆ ಪಾದಯಾತ್ರೆಯಲ್ಲಿ ಬಂದ ಭಕ್ತರು ದಾರಿಯುದ್ದಕ್ಕೂ ಹಾಡಿದ ಪದಗಳನ್ನು ಎಷ್ಟು ಮೊಬೈಲುಗಳು ಕೇಳಿಸಿಕೊಂಡಿರಬಹುದು? ಪಾತ್ರೆಯಲ್ಲಿ ಜಾಗವಿಲ್ಲವೆಂಬ ನೆಪ ಈಗ ಇಲ್ಲ. ಜಾಗ ಹೆಚ್ಚಿದಂತೆ ನಮ್ಮ ಗಮನ ಕಿರಿದಾಗಿದೆ. ಹಿಂದೆ ಮೂರು ನಿಮಿಷದ ಗಡಿಯನ್ನು ಯಂತ್ರ ಹಾಕಿತ್ತು; ಈಗ ಮೂವತ್ತು ಸೆಕೆಂಡಿನ ಗಡಿಯನ್ನು ನಾವೇ ಹಾಕಿಕೊಂಡಿದ್ದೇವೆ.

ಪರರ ಮನೆಯ ಪಾತ್ರೆ

ಇಂದಿನ ಪಾತ್ರೆ ನಮ್ಮ ಮನೆಯಲ್ಲಿಯೇ ಇಲ್ಲ. ಹಾಡು, ಚಿತ್ರ ಎಲ್ಲವೂ ದೂರದ ಯಾವುದೋ ಕಂಪನಿಯ ಕಣಜದಲ್ಲಿವೆ. ನಮಗಿರುವುದು ಇಣುಕಿ ನೋಡುವ ಹಕ್ಕು. 2005ರಲ್ಲಿ ಆರಂಭವಾದ ಯೂಟ್ಯೂಬಿನಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಹಗರಿಬೊಮ್ಮನಹಳ್ಳಿಯ ಹುಡುಗನೊಬ್ಬ ತನ್ನೂರಿನ ಬಯಲಾಟವನ್ನು ಪೂರ್ತಿಯಾಗಿ ಏರಿಸಿ, ದುಡಿಯಲು ಬೆಂಗಳೂರಿಗೂ ಪುಣೆಗೂ ಹೋದ ಊರಿನವರಿಗೆ ತೋರಿಸಬಹುದು. ಯಾರ ಅಪ್ಪಣೆಯೂ ಬೇಡ. ಕ್ಯಾಸೆಟ್ಟು ಕೊಟ್ಟ ಸ್ವಾತಂತ್ರ್ಯದ ವಿಸ್ತಾರವಾದ ರೂಪ ಇದು.

ಆದರೆ ಪರರ ಮನೆಯಲ್ಲಿಟ್ಟ ಪಾತ್ರೆಯ ಮೇಲೆ ನಮಗೆ ಹಿಡಿತವಿಲ್ಲ. 2003ರಿಂದ 2015ರವರೆಗೆ ಜಗತ್ತಿನ ಕಲಾವಿದರು ಮೈಸ್ಪೇಸ್ ಎಂಬ ತಾಣಕ್ಕೆ ಏರಿಸಿದ್ದ ಹಾಡುಗಳು ಯಂತ್ರಗಳ ವರ್ಗಾವಣೆಯಲ್ಲಿ ನಾಶವಾದುವೆಂದು 2019ರಲ್ಲಿ ಬಯಲಾಯಿತು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿದಾಗ, ನಿರ್ಧಾರದ ಸರಿತಪ್ಪು ಏನೇ ಇರಲಿ, ಹಳ್ಳಿಯ ಅಸಂಖ್ಯ ಹಾಡುಗಾರರ ತುಣುಕುಗಳು ಒಂದೇ ದಿನದಲ್ಲಿ ಅವರ ಕೈಗೇ ಸಿಗದಂತಾದವು. ಪ್ರತಿ ಇಟ್ಟುಕೊಂಡಿದ್ದವರು ಉಳಿಸಿಕೊಂಡರು, ಉಳಿದವರು ಕಳೆದುಕೊಂಡರು. 'ಇಂಟರ್‌ನೆಟ್ಟಿನಲ್ಲಿದೆ' ಎಂಬ ಮಾತು 'ಕಾಪಾಡಲಾಗಿದೆ' ಎಂಬ ಮಾತಿಗೆ ಸಮವಲ್ಲ ಎಂಬುದನ್ನು ಈ ಎರಡು ಪ್ರಸಂಗಗಳು ಕಲಿಸಬೇಕು.

ಹಕ್ಕಿನ ಪ್ರಶ್ನೆಯೂ ಇದಕ್ಕೆ ತಳುಕು ಹಾಕಿಕೊಂಡಿದೆ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರ, ಆಡುವವರ ಹಕ್ಕನ್ನು ಗುರುತಿಸಿದೆ. ಆದರೆ ಜೋಗತಿಯೊಬ್ಬಳು ಹರಕೆಗೆಂದು ಹಾಡಿದ ಪದವನ್ನು ಮೊಬೈಲಿನಲ್ಲಿ ಹಿಡಿದು ಏರಿಸುವವನು ಅವಳ ಒಪ್ಪಿಗೆ ಕೇಳುವುದು ಅಪರೂಪ. ನೋಡುವವರು ಹೆಚ್ಚಿದರೆ ಬರುವ ಹಣ ಏರಿಸಿದವನದು. ಟೀಕೆ ಟಿಪ್ಪಣಿಯ ಅವಮಾನ ಹಾಡಿದವಳದು. ಕಾಪಾಡುವುದು ಎಂಬ ಪುಣ್ಯದ ಮಾತಿನ ಮರೆಯಲ್ಲಿ ಕಸಿದುಕೊಳ್ಳುವುದು ನಡೆಯಬಾರದು.

ಮಾಡಬೇಕಾದುದು

ಇವೆಲ್ಲವನ್ನೂ ತೂಗಿ ನೋಡಿದರೆ, ಈ ಐದು ತಾಲ್ಲೂಕುಗಳ ಇಡೀ ರಾತ್ರಿಗಳನ್ನು ಹೆಚ್ಚಾಗಿ ಹಿಡಿದಿಟ್ಟ ಪಾತ್ರೆ ಕ್ಯಾಸೆಟ್ಟು ಎಂಬುದೇ ನನ್ನ ತೀರ್ಮಾನ. ಆದುದರಿಂದಲೇ ಗಾಬರಿಪಡಬೇಕಾಗಿದೆ. ಟೇಪಿನ ಮೇಲಿನ ಕಾಂತದ ಪುಡಿಯನ್ನು ಹಿಡಿದಿರುವ ಅಂಟು ತೇವಕ್ಕೆ, ಸೆಕೆಗೆ ಸಡಿಲಗೊಳ್ಳುತ್ತದೆ. ಅದಕ್ಕಿಂತ ಮಿಗಿಲಾಗಿ, ಆಡಿಸುವ ಯಂತ್ರಗಳೂ ಬಿಡಿಭಾಗಗಳೂ ರಿಪೇರಿ ಬಲ್ಲ ಕೈಗಳೂ ಇಲ್ಲವಾಗುತ್ತಿವೆ. ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಕೊನೆಯ ದೊಡ್ಡ ಕಂಪನಿ ಫುನಾಯ್ 2016ರಲ್ಲಿ ತಯಾರಿಕೆ ನಿಲ್ಲಿಸಿತು. ಯುನೆಸ್ಕೊ ಮತ್ತು ಅಂತಾರಾಷ್ಟ್ರೀಯ ಧ್ವನಿ-ದೃಶ್ಯ ಭಂಡಾರಗಳ ಸಂಘ 2019ರಲ್ಲಿ ಕೈಗೊಂಡ ಯೋಜನೆಯೊಂದು, ಜಗತ್ತಿನ ಟೇಪುಗಳನ್ನು ಸುಮಾರು 2025ರೊಳಗೆ ವರ್ಗಾಯಿಸದಿದ್ದರೆ ಅವನ್ನು ಆಡಿಸುವುದು ಬಹುತೇಕ ಅಸಾಧ್ಯವಾದೀತೆಂದು ಎಚ್ಚರಿಸಿತ್ತು. ಆ ಗಡುವು ಬಂದು ನಿಂತಿದೆ.

ಶ್ರದ್ಧೆಯಿದ್ದರೆ ಏನಾಗಬಹುದು ಎಂಬುದಕ್ಕೆ ಕರ್ನಾಟಕದಲ್ಲಿಯೇ ಮೇಲ್ಪಂಕ್ತಿಯಿದೆ. ತುಳುನಾಡಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಸೇರಿ 1990ರಲ್ಲಿ ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಪ್ರಕಟವಾಗಿ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. ಅಲ್ಲಿ ಹಾಡುಗಾರನ ಹೆಸರು, ಊರು, ಹಾಡಿದ ಸಂದರ್ಭ ಎಲ್ಲವೂ ದಾಖಲಾಗಿವೆ. ನಮ್ಮ ಸೀಮೆಯಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸಮೀಪದಲ್ಲಿಯೇ ಇದೆ, ಹೊಸಪೇಟೆಯ ಆಕಾಶವಾಣಿ ಇದೆ. ಆದರೆ ಮನೆಮನೆಯ ಅಟ್ಟದ ಮೇಲಿರುವ ಪೆಟ್ಟಿಗೆಗಳನ್ನು ಸಂಸ್ಥೆಗಳು ತಾವಾಗಿ ಹುಡುಕಿಕೊಂಡು ಬರಲಾರವು. ಆ ಕೆಲಸ ಶಾಲೆ, ಮಠ, ಚರ್ಚು, ಮಸೀದಿ, ಭಜನಾ ಮಂಡಳಿಗಳಂಥ ಊರಿನ ನಡುವಿನ ನೆಲೆಗಳಿಂದ ಆಗಬೇಕು.

ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಚೆನ್ನಾಗಿರುವ ಒಂದು ಟೇಪ್‌ರೆಕಾರ್ಡರನ್ನು ಹುಡುಕಿ ಅದರ ತಲೆಯನ್ನು ಶುಚಿಗೊಳಿಸಬೇಕು. ದನಿಯನ್ನು ಕುಗ್ಗಿಸದ ಕಡತವಾಗಿ, ಭಂಡಾರಗಳ ಸಂಘ ಸೂಚಿಸುವಂತೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಅಳತೆಯಲ್ಲಿ ವರ್ಗಾಯಿಸಬೇಕು. ನಮ್ಮ ಬಯಲಾಟ ಈ ಲೆಕ್ಕದಲ್ಲಿ ಒಂಬತ್ತು ಜಿಬಿಗಿಂತ ತುಸು ಹೆಚ್ಚಾಗುತ್ತದೆ. ಇಂದಿನ ಅಗ್ಗದ ಪೆನ್‌ಡ್ರೈವಿನಲ್ಲೂ ಅಂಥ ಒಂದೆರಡು ರಾತ್ರಿಗಳು ಹಿಡಿಸುತ್ತವೆ. ಹಂಚಲು ಬೇಕಾದರೆ ಎಂಪಿ3 ಮಾಡಿಕೊಳ್ಳಲಿ. ಕಾಯ್ದಿಡುವ ಪ್ರತಿ ಮಾತ್ರ ದೊಡ್ಡದೇ ಇರಲಿ, ಎರಡು ಬೇರೆ ಬೇರೆ ಜಾಗದಲ್ಲಿರಲಿ. ಮೂಲ ಕ್ಯಾಸೆಟ್ಟನ್ನು ಎಸೆಯದಿರಲಿ.

ಮತ್ತೊಂದು ಮಾತು ಹೆಸರಿನ ಬಗ್ಗೆ. ಗೌಹರ್ ಜಾನ್ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ನಮ್ಮ ಅಟ್ಟದ ಕ್ಯಾಸೆಟ್ಟುಗಳ ಮೇಲೆ 'ಅಜ್ಜಿ ಹಾಡು', 'ಆಟ - 2' ಎಂದಷ್ಟೇ ಇರುತ್ತದೆ. ಯಾವ ಅಜ್ಜಿ? ಯಾವ ಊರ ಆಟ? ಊರಿನ ಹೆಸರನ್ನು ಬರೆದರೂ ಸಾಲದು. ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಅನಂತರ ದಾವಣಗೆರೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಕೊಟ್ಟೂರು ಈಚಿನವರೆಗೆ ಕೂಡ್ಲಿಗಿ ತಾಲ್ಲೂಕಿನ ಊರಾಗಿತ್ತು. ವರ್ಷವಿಲ್ಲದ ಚೀಟಿ ಮುಂದಿನವರನ್ನು ದಾರಿ ತಪ್ಪಿಸುತ್ತದೆ. ಹಾಡಿದವರು, ತಾಳ ಹಾಕಿದವರು, ಊರು, ವರ್ಷ, ಸಂದರ್ಭ, ತುಂಬಿಕೊಂಡವರು - ಇಷ್ಟನ್ನು ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಳೆಯ ಟೇಪನ್ನು ಅವರ ಮುಂದೆ ಆಡಿಸಿ, ಅವರು ಹೇಳುವುದನ್ನು ಅದೇ ಕಡತದ ಜೊತೆಯಲ್ಲಿ ಮುದ್ರಿಸಿಕೊಂಡರೆ ಅದಕ್ಕಿಂತ ಉತ್ತಮವಾದ ಚೀಟಿ ಬೇರೊಂದಿಲ್ಲ. ಹಾಡಿದವರು ಅಥವಾ ಅವರ ಮನೆಯವರು ಬದುಕಿದ್ದರೆ ಒಪ್ಪಿಗೆ ಪಡೆದು, ಒಂದು ಪ್ರತಿಯನ್ನು ಮೊದಲು ಅವರ ಕೈಗೆ ಕೊಡಬೇಕು.

ಭೀಮವ್ವನ ದನಿ ನಮಗೆ ಸಿಗದಿದ್ದುದಕ್ಕೆ ಕಾಲವೇ ಕಾರಣವೆಂದು ಸಮಾಧಾನಪಟ್ಟುಕೊಳ್ಳಬಹುದು. ಮುಂದಿನ ತಲೆಮಾರಿನವರು ಇಂದಿನ ದನಿಗಳನ್ನು ಕೇಳಿದಾಗ ನಮಗೆ ಆ ಸಮಾಧಾನ ಉಳಿದಿರುವುದಿಲ್ಲ. ಈ ಬೇಸಿಗೆಯ ರಜೆಯಲ್ಲಿ ಮಕ್ಕಳು ಊರಿಗೆ ಬಂದಾಗ ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸಿ, ಧೂಳು ಕೊಡವಿ, ಒಂದೊಂದೇ ಕ್ಯಾಸೆಟ್ಟಿನ ಮೇಲೆ ಹೆಸರು, ಊರು, ವರ್ಷವನ್ನು ಬರೆಯುವುದರಿಂದ ಕೆಲಸ ಆರಂಭವಾಗಲಿ.